1965ರ ಗೆರೆ: ಹಳೆಯ ವಾಲ್ವ್ ಆಂಪ್ಲಿಫೈಯರುಗಳ ಬೆಲೆಯ ಇತಿಹಾಸ

ಇತಿಹಾಸದಲ್ಲಿ ಇಸವಿಗಳು ಬೇಲಿಯ ಗೂಟಗಳಿದ್ದಂತೆ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಗೂಟಗಳಿಲ್ಲದೆ ಬೇಲಿ ನಿಲ್ಲದು. ಆದರೆ ಗೂಟದ ಈಚೆಗಿರುವ ಮಣ್ಣೂ ಆಚೆಗಿರುವ ಮಣ್ಣೂ ಒಂದೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತೆಂದು ನಾವು ಓದುತ್ತೇವೆ. ಆ ದಿನದಿಂದ ಒಂದು ಹೊಸ ಅಧ್ಯಾಯವನ್ನು ಆರಂಭಿಸುತ್ತೇವೆ. ಹಾಗೆಂದು ಮೇ 5ರ ಬೆಳಗ್ಗೆ ರೈತನ ನೇಗಿಲಾಗಲಿ ನೇಕಾರನ ಮಗ್ಗವಾಗಲಿ ಬೇರೆಯಾಗಿರಲಿಲ್ಲ. ರಾಜ್ಯ ಕೈಬದಲಾಗುವುದು ಒಂದು ದಿನದ ಕೆಲಸ, ಜನರ ಬದುಕು ಬದಲಾಗುವುದು ನಿಧಾನದ ಕೆಲಸ.

ಈ ಮಾತಿಗೆ ನಾನು ಎಂದೂ ಎಣಿಸಿರದ ಕಡೆಯಿಂದ ಈಚೆಗೆ ಒಂದು ಸೊಗಸಾದ ಉದಾಹರಣೆ ದೊರೆಯಿತು. ಅದು ಅಮೆರಿಕದಲ್ಲಿ ನಡೆಯುವ ಹಳೆಯ ಗಿಟಾರ್ ಆಂಪ್ಲಿಫೈಯರುಗಳ ಕ್ರಯವಿಕ್ರಯ. ಆ ವ್ಯಾಪಾರದಲ್ಲಿಯೂ ಒಂದು ಗೂಟವಿದೆ. ಅದರ ಹೆಸರು 1965ರ ಜನವರಿ. ಅದರ ಹಿಂದಿನ ಪೆಟ್ಟಿಗೆಗೆ ಒಂದು ಬೆಲೆ, ಮುಂದಿನ ಪೆಟ್ಟಿಗೆಗೆ ಇನ್ನೊಂದು ಬೆಲೆ. ಅಮೆರಿಕದಲ್ಲಿ ನೆಲೆಸಿರುವ, ಬಿಡುವಿನ ವೇಳೆಯಲ್ಲಿ ಗಿಟಾರ್ ನುಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂತಹ ಒಂದು ಪೆಟ್ಟಿಗೆಯನ್ನು ಕೊಳ್ಳಲು ಹೊರಟಿದ್ದನು. ಅದು ಫೆಂಡರ್ ಕಂಪೆನಿಯ ‘ಡಿಲಕ್ಸ್ ರಿವರ್ಬ್’ ಎಂಬ ಮಾದರಿ. ಮಾರುವವನು ಅದು 1964ರದ್ದೆಂದು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೇ ಕೇಳಿದ್ದನು. ಹುಡುಗನು ಒಳಗಿನ ಹೊರಗಿನ ಚಿತ್ರಗಳನ್ನೆಲ್ಲ ಕಳುಹಿಸಿ, “ಸರ್, ಶಾಸನದ ಕಾಲ ನಿರ್ಣಯಿಸುವುದು ಹೇಗೆಂದು ನಮಗೆ ಹೇಳಿಕೊಟ್ಟವರು ನೀವು. ಇದರ ಕಾಲವನ್ನೂ ಒಮ್ಮೆ ನೋಡಿ” ಎಂದು ಬರೆದನು. ನನಗೆ ಗಿಟಾರಿನ ಗಂಧವಿಲ್ಲ. ಆದರೆ ಪ್ರಶ್ನೆ ಮಾತ್ರ ನನ್ನ ವಿಷಯಕ್ಕೇ ಸೇರಿದ್ದು. ಕೆಲವು ವಾರ ಓದಿದೆ. ಓದಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲು ವಸ್ತುವನ್ನು ಪರಿಚಯ ಮಾಡಿಕೊಳ್ಳೋಣ. ನಮ್ಮ ಮನೆಗಳಲ್ಲಿದ್ದ ಹಳೆಯ ವಾಲ್ವ್ ರೇಡಿಯೋ ಹಿರಿಯರಿಗೆ ನೆನಪಿದ್ದೀತು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾದ ಮೇಲೆಯೇ ದನಿ ಮೆಲ್ಲಗೆ ಏರಿ ಬರುತ್ತಿತ್ತು. ಆ ಗಾಜಿನ ಬುರುಡೆಗಳೇ ವಾಲ್ವುಗಳು. ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ನಳಿಕೆಯನ್ನು ರೂಪಿಸಿ ಅದನ್ನು ‘ವಾಲ್ವ್’ ಎಂದನು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಅದರೊಳಗೆ ಮೂರನೆಯ ತಂತಿಯೊಂದನ್ನು ಸೇರಿಸಿದನು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಾವು ‘ವಾಲ್ವ್’ ಎಂದೆವು, ಅಮೆರಿಕನ್ನರು ‘ಟ್ಯೂಬ್’ ಎಂದರು. ವಸ್ತು ಒಂದೇ.

ಅದು ಕೆಲಸ ಮಾಡುವ ಬಗೆಯನ್ನು ತಿಳಿಯಲು ನಮ್ಮ ಊರಿನ ಕೆರೆಯ ತೂಬನ್ನು ನೆನೆಯುವುದು ಲೇಸು. ಕೆರೆಯಲ್ಲಿ ಅಗಾಧವಾದ ನೀರು ನಿಂತಿರುತ್ತದೆ. ನೀರುಗಂಟಿಯು ತೂಬನ್ನು ತುಸು ಎತ್ತಿದರೆ ಕಾಲುವೆಯಲ್ಲಿ ಸಣ್ಣ ಹರಿವು, ಇನ್ನಷ್ಟು ಎತ್ತಿದರೆ ದೊಡ್ಡ ಹರಿವು. ಅವನ ತೋಳಿನ ಬಲ ಅಲ್ಪ. ಅದಕ್ಕೆ ಮಣಿದು ಹರಿಯುವ ನೀರಿನ ಬಲ ಬಹಳ. ವಾಲ್ವಿನೊಳಗೆ ಕಾದ ಲೋಹದಿಂದ ಹೊರಟ ಎಲೆಕ್ಟ್ರಾನುಗಳ ಹರಿವೇ ನೀರು. ನಡುವಿನ ಆ ಮೂರನೆಯ ತಂತಿಯ ಜಾಲರಿಯೇ ತೂಬು. ಗಿಟಾರಿನ ತಂತಿಯ ಕಂಪನದಿಂದ ಹುಟ್ಟಿದ ಕ್ಷೀಣವಾದ ವಿದ್ಯುತ್ತು ಆ ಜಾಲರಿಯನ್ನು ಆಳುತ್ತದೆ. ಜಾಲರಿಯು ದೊಡ್ಡ ಹರಿವನ್ನು ಆಳುತ್ತದೆ. ಆ ದೊಡ್ಡ ಹರಿವು ಸ್ಪೀಕರನ್ನು ಅಲುಗಿಸುತ್ತದೆ. ಇಷ್ಟೇ ಆಂಪ್ಲಿಫೈಯರಿನ ತತ್ತ್ವ.

ವಿದ್ಯುತ್ ಗಿಟಾರು 1930ರ ದಶಕದ ಆರಂಭದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಈ ಗಿಟಾರಿಗೆ ಅಂದಿನಿಂದಲೂ ಆಂಪ್ಲಿಫೈಯರು ಬೇಕೇ ಬೇಕು. ಅದಿಲ್ಲದೆ ಅದರ ದನಿ ಕೋಣೆಯ ಆಚೆಗೂ ಕೇಳಿಸದು. ಈ ಪೆಟ್ಟಿಗೆಗಳನ್ನು ಮಾಡಿದವರಲ್ಲಿ ಮುಖ್ಯನು ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದ ಲಿಯೋ ಫೆಂಡರ್. ಆತನು 1938ರಲ್ಲಿ ಅಲ್ಲಿ ರೇಡಿಯೋ ರಿಪೇರಿ ಅಂಗಡಿಯನ್ನು ತೆರೆದನು. 1946ರಲ್ಲಿ ತನ್ನದೇ ಕಂಪೆನಿಯನ್ನು ಕಟ್ಟಿದನು. ಗಿಟಾರಿನ ಜಗತ್ತನ್ನೇ ಬದಲಿಸಿದ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಆತನ ದೃಷ್ಟಿ ರಿಪೇರಿಯವನ ದೃಷ್ಟಿ. ಕೆಟ್ಟುಹೋದಾಗ ಯಾವ ಊರಿನ ರೇಡಿಯೋ ಮೆಕ್ಯಾನಿಕ್ ಆದರೂ ಬಿಚ್ಚಿ ಸರಿಪಡಿಸುವಂತಿರಬೇಕು ಎಂಬುದು ಅವನ ವಸ್ತುಗಳಲ್ಲೆಲ್ಲ ಎದ್ದು ಕಾಣುವ ಗುಣ. ಪೆಟ್ಟಿಗೆಯ ಒಳಗೋಡೆಗೆ ಯಾವ ಸ್ಥಾನದಲ್ಲಿ ಯಾವ ವಾಲ್ವ್ ಇರಬೇಕೆಂದು ತಿಳಿಸುವ ಒಂದು ಕಾಗದವನ್ನೂ ಅಂಟಿಸುತ್ತಿದ್ದರು. ಅರವತ್ತು ವರ್ಷಗಳ ಮೇಲೆ ಈ ಕಾಗದವೇ ಪುರಾತತ್ತ್ವದ ಸಾಕ್ಷಿಯಾದೀತೆಂದು ಅಂಟಿಸಿದವರು ಎಣಿಸಿರಲಾರರು.

ಆ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಮಹಿಳೆಯರು. ಬಿಡಿಭಾಗಗಳನ್ನು ತೂತುಗಳುಳ್ಳ ಒಂದು ಹಲಗೆಯ ಮೇಲೆ ಒಂದೊಂದಾಗಿ ಕೂರಿಸಿ, ಕೈಯಿಂದಲೇ ತಂತಿ ಜೋಡಿಸಿ ಬೆಸೆಯುತ್ತಿದ್ದರು. ಹಲವು ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿದಾಗ ಒಳಗೆ ಒಂದು ಸಣ್ಣ ಅಂಟುಪಟ್ಟಿಯೂ, ಅದರ ಮೇಲೆ ಪೆನ್ಸಿಲಿನಲ್ಲಿಯೋ ಪೆನ್ನಿನಲ್ಲಿಯೋ ಬರೆದ ‘ಲಿಲಿ’ಯಂತಹ ಒಂದು ಹೆಸರೂ ಕಾಣಸಿಗುತ್ತವೆ. ಜೋಡಿಸಿದವಳ ಹೆಸರು ಅದು. ನಮ್ಮ ಹೊಯ್ಸಳ ದೇಗುಲಗಳ ವಿಗ್ರಹಗಳ ಪೀಠದಲ್ಲಿ ರೂವಾರಿಗಳ ಹೆಸರನ್ನು ಓದಿದವರಿಗೆ ಇದು ಅಪರಿಚಿತವೆನಿಸದು.

ಸಂಗ್ರಾಹಕರು ಫೆಂಡರ್ ಪೆಟ್ಟಿಗೆಗಳನ್ನು ಹೊದಿಕೆ ಮತ್ತು ಬಣ್ಣಗಳ ಮೇಲೆ ಯುಗಗಳಾಗಿ ವಿಂಗಡಿಸಿದ್ದಾರೆ. 1940ರ ದಶಕದ ಕೊನೆಯಿಂದ 1960ರ ಸುಮಾರಿನವರೆಗೆ ಅಂದಿನ ಪ್ರಯಾಣದ ಪೆಟ್ಟಿಗೆಗಳಿಗೆ ಹೊದಿಸುತ್ತಿದ್ದಂತಹ ಹಳದಿ ಬಟ್ಟೆಯ ‘ಟ್ವೀಡ್’ ಯುಗ. ಆಮೇಲೆ ಕೆಲವು ವರ್ಷ ಕಂದು ಫಲಕದ ಯುಗ. 1963–64ರಿಂದ ಕಪ್ಪು ಫಲಕದ ಯುಗ. 1967ರ ಕೊನೆಯಿಂದ ಮುಂದೆ ಬೆಳ್ಳಿಬಣ್ಣದ ಫಲಕದ ಯುಗ. ನಾವು ಕದಂಬ, ಚಾಲುಕ್ಯ, ರಾಷ್ಟ್ರಕೂಟ ಎಂದು ಶೈಲಿಗಳನ್ನು ಗುರುತಿಸಿದಂತೆ ಅವರು ದೂರದಿಂದಲೇ ಫಲಕವನ್ನು ನೋಡಿ ದಶಕವನ್ನು ಹೇಳಬಲ್ಲರು.

ಈ ಪೆಟ್ಟಿಗೆಗಳ ಪೈಕಿ ‘ಬಾಸ್‌ಮನ್’ ಎಂಬುದರ ಕಥೆಯನ್ನು ಹೇಳಲೇಬೇಕು. ಹೆಸರೇ ತಿಳಿಸುವಂತೆ ಅದು ಮಂದ್ರಸ್ವರದ ಬಾಸ್ ಗಿಟಾರಿಗೆಂದು 1952ರಲ್ಲಿ ಬಂದದ್ದು. 1950ರ ದಶಕದ ಕೊನೆಯ ಹೊತ್ತಿಗೆ ಅದರಲ್ಲಿ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳಿದ್ದವು. ಆರು ತಂತಿಯ ಗಿಟಾರ್ ನುಡಿಸುವವರು ಅದನ್ನು ತಮ್ಮದಾಗಿಸಿಕೊಂಡರು. ಲಂಡನ್ನಿನ ಹಾನ್‌ವೆಲ್ ಎಂಬಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ಶಿಕ್ಷಕನೊಬ್ಬನು ವಾದ್ಯಗಳ ಅಂಗಡಿ ಇಟ್ಟಿದ್ದನು. ಅಮೆರಿಕದಿಂದ ತರಿಸಿದ ಫೆಂಡರ್ ಪೆಟ್ಟಿಗೆಗಳು ಅಲ್ಲಿನ ಯುವಕರ ಕೈಗೆ ಎಟುಕದಷ್ಟು ದುಬಾರಿ. ಮಾರ್ಷಲನ ಅಂಗಡಿಯ ರಿಪೇರಿಗಾರ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಹದಿಹರೆಯದ ತಂತ್ರಜ್ಞ ಸೇರಿ ಬಾಸ್‌ಮನ್ನಿನ ಮಂಡಲವನ್ನೇ ಆಧಾರವಾಗಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ದೊರೆಯುವ ಬಿಡಿಭಾಗಗಳನ್ನು ಬಳಸಿ 1962ರಲ್ಲಿ ಒಂದು ಆಂಪ್ಲಿಫೈಯರನ್ನು ಕಟ್ಟಿದರು. ಮಾರ್ಷಲ್ ಮತ್ತು ಅವನ ಮಗ ಟೆರಿಯ ಹೆಸರುಗಳಿಂದ ಅದಕ್ಕೆ ಜೆ.ಟಿ.ಎಂ. 45 ಎಂಬ ಹೆಸರು ಬಂದಿತು. ನಕಲು ಮಾಡಹೊರಟವರು, ಬೇರೆ ಸ್ಪೀಕರು, ಬೇರೆ ಟ್ರಾನ್ಸ್‌ಫಾರ್ಮರು ಬಳಸಿದ ಕಾರಣದಿಂದಲೇ ಬೇರೊಂದು ನಾದವನ್ನು ಪಡೆದರು. ಇಂದು ಆ ಮೊದಲ ವರ್ಷಗಳ ಮಾರ್ಷಲ್ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ತಮ್ಮ ಮೂಲವಾದ ಬಾಸ್‌ಮನ್ನಿಗೆ ಸರಿಸಾಟಿಯಾಗಿ ನಿಂತಿವೆ.

ಅದೇ ಕಾಲಕ್ಕೆ ಕೆಂಟ್ ಪ್ರಾಂತದ ಡಾರ್ಟ್‌ಫರ್ಡಿನಲ್ಲಿ ಟಾಮ್ ಜೆನ್ನಿಂಗ್ಸನ ಕಂಪೆನಿಯು ಡಿಕ್ ಡೆನ್ನಿ ರೂಪಿಸಿದ ‘ವಾಕ್ಸ್’ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಅವುಗಳಲ್ಲಿ ಎ.ಸಿ. 30 ಎಂಬುದು ಹೆಸರಾಂತದ್ದು. ಬೀಟಲ್ಸ್ ತಂಡದವರು 1962ರಿಂದ ಅದನ್ನು ಬಳಸಿದರು. ಅದರ ಶಕ್ತಿಗೆ ಕಾರಣವಾದವು ಇ.ಎಲ್. 84 ಎಂಬ ನಾಲ್ಕು ವಾಲ್ವುಗಳು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಬೆಂಗಳೂರಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪೆಟ್ಟಿಗೆಯನ್ನು ರೂಪಿಸಿದವರು ಬಯಸಿದ್ದು ಶುದ್ಧವಾದ ದನಿಯನ್ನು. ಆದರೆ ದನಿಯನ್ನು ಮಿತಿ ಮೀರಿ ಏರಿಸಿದಾಗ ವಾಲ್ವ್ ಸೋಲತೊಡಗುತ್ತದೆ. ಕಾಲುವೆಯ ಅಳತೆಗಿಂತ ಹೆಚ್ಚು ನೀರು ಬಿಟ್ಟರೆ ದಡ ಮೀರುವಂತೆ, ಅಲೆಯ ತಲೆ ಚಪ್ಪಟೆಯಾಗುತ್ತದೆ. ವಾಲ್ವಿನಲ್ಲಿ ಈ ಚಪ್ಪಟೆಯಾಗುವಿಕೆ ಒಮ್ಮೆಲೇ ಕತ್ತರಿಸಿದಂತೆ ಆಗದೆ ಮೆಲ್ಲಗೆ, ದುಂಡಗೆ ಆಗುತ್ತದೆ. ಆಗ ಮೂಲ ಸ್ವರದೊಡನೆ ಅದರ ಉಪಸ್ವರಗಳೂ ಬೆರೆತು ದನಿ ತುಂಬಿಕೊಳ್ಳುತ್ತದೆ. ಇಂಜಿನಿಯರು ಇದನ್ನು ದೋಷವೆಂದನು. ಗಿಟಾರ್ ವಾದಕನು ಇದನ್ನೇ ಗುಣವೆಂದನು. 1966ರಲ್ಲಿ ಜಾನ್ ಮೇಯಲ್ ತಂಡದ ಧ್ವನಿಮುದ್ರಿಕೆಯೊಂದರಲ್ಲಿ ಎರಿಕ್ ಕ್ಲಾಪ್ಟನ್ ಮಾರ್ಷಲ್ ಪೆಟ್ಟಿಗೆಯನ್ನು ಸ್ಟುಡಿಯೋದಲ್ಲಿಯೇ ಗಟ್ಟಿಯಾಗಿ ಬಿಟ್ಟು ನುಡಿಸಿದನು. ಆ ದನಿಯನ್ನು ಕೇಳಿ ಬೆಳೆದವರಿಗೆ ಗಿಟಾರಿನ ಸಹಜವಾದ ದನಿಯೇ ಅದಾಯಿತು.

ಈಗ ನಮ್ಮ ಗೂಟದ ಬಳಿಗೆ ಬರೋಣ. 1965ರ ಜನವರಿಯಲ್ಲಿ, ಅನಾರೋಗ್ಯದಿಂದ ಬಳಲುತ್ತಿದ್ದ ಲಿಯೋ ಫೆಂಡರ್ ತನ್ನ ಕಂಪೆನಿಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಪ್ರಸಾರ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದನು. ಆ ಮೊತ್ತ ಎಷ್ಟು ದೊಡ್ಡದೆಂದರೆ, ಅದೇ ಸಂಸ್ಥೆಯು 1964ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಎಂಬ ಪ್ರಖ್ಯಾತ ಬೇಸ್‌ಬಾಲ್ ತಂಡದ ಶೇಕಡಾ 80ರಷ್ಟು ಪಾಲಿಗೆ ಕೊಟ್ಟದ್ದು 1 ಕೋಟಿ 12 ಲಕ್ಷ ಡಾಲರು. ಸಂಗೀತದ ಪೆಟ್ಟಿಗೆಗಳ ಕಾರ್ಖಾನೆಯೊಂದು ಆ ತಂಡದ ಪಾಲಿಗಿಂತ ಹೆಚ್ಚಿನ ಬೆಲೆಗೆ ಹೋಯಿತು.

ಮಾರಾಟವಾದ ಮರುದಿನ ಏನಾಯಿತು? ಪೆಟ್ಟಿಗೆಗಳ ಮಟ್ಟಿಗೆ ಏನೂ ಆಗಲಿಲ್ಲ. ಅದೇ ಫುಲರ್ಟನ್, ಅದೇ ಬೆಸುಗೆಯ ಮೇಜು, ಅದೇ ಮಂಡಲ. ನನ್ನ ವಿದ್ಯಾರ್ಥಿಯು ಕೊಳ್ಳಹೊರಟ ಡಿಲಕ್ಸ್ ರಿವರ್ಬನ್ನೇ ನೋಡಿ. ಅದರ ಕಾಗದದ ಮೇಲೆ ಮಂಡಲದ ಗುರುತಾಗಿ ‘ಎ.ಬಿ. 763’ ಎಂದಿರುತ್ತದೆ. ಮಾರಾಟಕ್ಕೆ ಮುಂಚಿನ ಪೆಟ್ಟಿಗೆಯಲ್ಲಿಯೂ ಅದೇ, ಮಾರಾಟದ ನಂತರದ ಪೆಟ್ಟಿಗೆಯಲ್ಲಿಯೂ ಅದೇ. ಮುಂಭಾಗದ ಫಲಕದಲ್ಲಿ ‘ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪೆನಿ’ ಎಂಬ ಹಳೆಯ ಹೆಸರು ಕೂಡ ಕೆಲವು ತಿಂಗಳು ಹಾಗೆಯೇ ಉಳಿಯಿತು. ಹೊಸ ಹೆಸರಿನ ಫಲಕಗಳು ಆಮೇಲೆ ಬಂದವು.

ಬದಲಾವಣೆಗಳು ಬಂದದ್ದು ನಿಧಾನವಾಗಿ. 1967ರ ಕೊನೆಯಲ್ಲಿ ಫಲಕ ಬೆಳ್ಳಿಬಣ್ಣಕ್ಕೆ ತಿರುಗಿತು. 1968ರಲ್ಲಿ ಕೆಲವು ದೊಡ್ಡ ಮಾದರಿಗಳ ಮಂಡಲಗಳನ್ನು ದನಿ ಇನ್ನಷ್ಟು ಶುದ್ಧವಾಗಲೆಂದು ತಿದ್ದಿದರು. ವಾದಕರು ಮೆಚ್ಚದಿದ್ದಾಗ ಅವುಗಳಲ್ಲಿ ಕೆಲವನ್ನು ಕಂಪೆನಿಯೇ ಹಿಂತೆಗೆದುಕೊಂಡಿತು. ‘ಟ್ವಿನ್ ರಿವರ್ಬ್’ ಎಂಬ ದೊಡ್ಡ ಪೆಟ್ಟಿಗೆಯು 85 ವಾಟಿನಿಂದ 100ಕ್ಕೂ, 1970ರ ದಶಕದ ಕೊನೆಗೆ 135 ವಾಟಿಗೂ ಏರಿ, ಹೊರಲಾರದಷ್ಟು ಭಾರವಾಯಿತು. ಆದರೆ ಚಿಕ್ಕ ಮಾದರಿಯಾದ ಡಿಲಕ್ಸ್ ರಿವರ್ಬ್ ಬೆಳ್ಳಿಯ ಯುಗದಲ್ಲಿಯೂ ಹೆಚ್ಚು ಬದಲಾಗಲಿಲ್ಲ. ಕೈಬೆಸುಗೆಯ ಹಲಗೆಯೂ ಉಳಿಯಿತು. ‘ಸಿ.ಬಿ.ಎಸ್. ಬಂದು ಹಾಳಾಯಿತು’ ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಸತ್ಯ ಎಲ್ಲ ಮಾದರಿಗೂ ಒಂದೇ ಅಲ್ಲ. ಅದರ ಇಸವಿಯೂ 1965 ಅಲ್ಲ.

ಹಾಗಿದ್ದ ಮೇಲೆ ಬೆಲೆಯ ಗೆರೆ 1965ರಲ್ಲಿಯೇ ಏಕೆ ಬಿದ್ದಿತು? ಇದಕ್ಕೆ ಉತ್ತರ 1970ರ ದಶಕದಲ್ಲಿದೆ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಎರಡು ದಶಕಗಳಲ್ಲಿ ರೇಡಿಯೋದಿಂದ ವಾಲ್ವನ್ನು ಹೊರದೂಡಿತ್ತು. ಫೆಂಡರ್ ಕಂಪೆನಿಯೂ 1966ರಲ್ಲಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳನ್ನು ತಂದಿತು. ಅವು ಬಹುಕಾಲ ಬಾಳಲಿಲ್ಲ. ಆದರೂ ಹೊಸದೇ ಉತ್ತಮವೆಂಬ ಗಾಳಿ ಬೀಸುತ್ತಿದ್ದ ಕಾಲವದು. ಟ್ವೀಡ್ ಬಟ್ಟೆಯ ಹಳೆಯ ಪೆಟ್ಟಿಗೆಗಳು ಗಿರವಿ ಅಂಗಡಿಗಳಿಗೂ ಹಳೆ ಸಾಮಾನಿನ ಅಂಗಡಿಗಳಿಗೂ ಬಂದು ಬಿದ್ದವು. ನೀಲ್ ಯಂಗ್ ಎಂಬ ಗಾಯಕನು 1959ರ ಒಂದು ಫೆಂಡರ್ ಡಿಲಕ್ಸನ್ನು 1967ರಲ್ಲಿ ಸುಮಾರು 50 ಡಾಲರಿಗೆ ಕೊಂಡನು. ಆಮೇಲೆ ದಶಕಗಳ ಕಾಲ ಅದನ್ನೇ ನುಡಿಸಿದನು. ಕಾಸಿಲ್ಲದ ಯುವಕರು ಹಳೆಯದನ್ನು ಕೊಂಡರು, ಏಕೆಂದರೆ ಅದು ಅಗ್ಗ. ಅವರಲ್ಲಿ ಕೆಲವರು ಪ್ರಖ್ಯಾತರಾದರು. ಅವರ ಧ್ವನಿಮುದ್ರಿಕೆಗಳನ್ನು ಕೇಳಿದ ಮುಂದಿನ ಪೀಳಿಗೆಯವರು ಅದೇ ದನಿ ಬೇಕೆಂದು ಅದೇ ಪೆಟ್ಟಿಗೆಗಳನ್ನು ಹುಡುಕಿದರು. ಹೊಸ ಪೆಟ್ಟಿಗೆಗಳ ಮೇಲಿನ ಬೇಸರವೂ ಇದರೊಡನೆ ಕೂಡಿತು. ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಗಡಿ ಬೇಕಾಯಿತು. ಬೆಸುಗೆಯೊಳಗಿನ ಬದಲಾವಣೆಗೆ ದಿನಾಂಕ ಹಾಕುವುದು ಕಷ್ಟ. ಕಂಪೆನಿಯ ಮಾರಾಟಕ್ಕೆ ದಿನಾಂಕವಿತ್ತು. ‘ಸಿ.ಬಿ.ಎಸ್.-ಪೂರ್ವ’ ಎಂಬ ಪದ ಹುಟ್ಟಿತು. ಪದ ಹುಟ್ಟಿದ ಮೇಲೆ ಬೆಲೆ ಅದನ್ನು ಹಿಂಬಾಲಿಸಿತು.

ಕಥೆಯ ಇನ್ನೊಂದು ತುದಿಯೂ ಕುತೂಹಲಕರವಾಗಿದೆ. 1985ರಲ್ಲಿ ವಿಲಿಯಂ ಶುಲ್ಟ್ಸ್ ಎಂಬವರ ನೇತೃತ್ವದಲ್ಲಿ ಕಂಪೆನಿಯ ನೌಕರರೇ ಕೆಲವರು ಸೇರಿ ಫೆಂಡರನ್ನು ಸಿ.ಬಿ.ಎಸ್.ನಿಂದ ಮರಳಿ ಕೊಂಡರು. ಬೆಲೆ 1 ಕೋಟಿ 25 ಲಕ್ಷ ಡಾಲರು. ಫುಲರ್ಟನ್ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಇಪ್ಪತ್ತು ವರ್ಷಗಳ ಹಣದುಬ್ಬರದ ನಂತರವೂ ಕೊಂಡ ಬೆಲೆಗಿಂತ ಕಡಿಮೆಗೆ ಮಾರಾಟ! ಕಂಪೆನಿಯ ಬೆಲೆ ಇಳಿಯುತ್ತಿದ್ದ ಅದೇ ವರ್ಷಗಳಲ್ಲಿ, ಅದು ಹಿಂದೆ ಮಾಡಿ ಮಾರಿದ್ದ ಪೆಟ್ಟಿಗೆಗಳ ಬೆಲೆ ಏರುತ್ತಿತ್ತು. ಐದು ವರ್ಷಗಳ ನಂತರ, 1990ರಲ್ಲಿ, ಹೊಸ ಒಡೆಯರು 1959ರ ಬಾಸ್‌ಮನ್ನನ್ನೇ ಮತ್ತೆ ತಯಾರಿಸಿ ಮಾರತೊಡಗಿದರು.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆ. ಹಳೆಯ ಪೆಟ್ಟಿಗೆಯೊಂದರ ಕಾಲವನ್ನು ಹೇಗೆ ತಿಳಿಯುವುದು? ಇಲ್ಲಿ ಸಾಕ್ಷಿಗಳು ಮೂರು ಬಗೆ. ಮೊದಲನೆಯದು, ನಾನು ಮೊದಲೇ ಹೇಳಿದ ಒಳಗಿನ ಕಾಗದ. ಅದರ ಮೇಲೆ ರಬ್ಬರ್ ಮುದ್ರೆಯಿಂದ ಎರಡು ಇಂಗ್ಲಿಷ್ ಅಕ್ಷರಗಳನ್ನು ಒತ್ತಿರುತ್ತಾರೆ. ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. ‘ಎ’ ಎಂದರೆ 1951, ‘ಬಿ’ ಎಂದರೆ 1952. ಹೀಗೆ ಎಣಿಸುತ್ತ ಹೋದರೆ ‘ಎನ್’ ಎಂದರೆ 1964, ‘ಓ’ ಎಂದರೆ 1965. ತಿಂಗಳಿಗೆ ‘ಎ’ ಜನವರಿ, ‘ಬಿ’ ಫೆಬ್ರವರಿ. ನಮ್ಮ ಶಾಸನಗಳ ಸಂವತ್ಸರದ ಹೆಸರುಗಳಂತೆಯೇ, ಕ್ರಮ ಗೊತ್ತಿದ್ದವನಿಗೆ ಸುಲಭ.

ಎರಡನೆಯದು, ಬಿಡಿಭಾಗಗಳ ಮೇಲಿನ ಅಂಕೆಗಳು. ಅಮೆರಿಕದ ತಯಾರಕರು ತಮ್ಮ ಪ್ರತಿಯೊಂದು ಭಾಗದ ಮೇಲೆ ಕಂಪೆನಿಯ ಸಂಖ್ಯೆ, ವರ್ಷ, ವಾರ ಇವನ್ನು ಒತ್ತುತ್ತಿದ್ದರು. 606 ಎಂದರೆ ಶುಮಾಕರ್ ಕಂಪೆನಿಯ ಟ್ರಾನ್ಸ್‌ಫಾರ್ಮರು. 220 ಎಂದರೆ ಜೆನ್ಸನ್ ಸ್ಪೀಕರು. 465 ಎಂದರೆ ಆಕ್ಸ್‌ಫರ್ಡ್ ಸ್ಪೀಕರು. 137 ಎಂದರೆ ಸಿ.ಟಿ.ಎಸ್. ಕಂಪೆನಿಯ ವಾಲ್ಯೂಮ್ ಕಂಟ್ರೋಲು. ಮೂರನೆಯ ಸಾಕ್ಷಿ ಬೆಸುಗೆ. ಹಳೆಯ, ಮುಟ್ಟದ ಬೆಸುಗೆಯ ಹೊಳಪೇ ಬೇರೆ, ಮತ್ತೆ ಕಾಯಿಸಿ ಹಾಕಿದ ಬೆಸುಗೆಯ ನೋಟವೇ ಬೇರೆ. ಭಾಗವೊಂದನ್ನು ಬದಲಿಸಿದ್ದರೆ ಬೆಸುಗೆ ಅದನ್ನು ಹೇಳಿಬಿಡುತ್ತದೆ.

ಈ ಸಾಕ್ಷಿಗಳಿಗೂ ಮಿತಿಯಿದೆ. ವರ್ಷಕ್ಕೆ ಹಲವೆಡೆ ಒಂದೇ ಅಂಕೆ ಇರುವುದರಿಂದ ‘4’ ಎಂಬುದು 1954 ಆಗಬಹುದು, 1964 ಆಗಬಹುದು, 1974ರದ್ದೂ ಆಗಬಹುದು. ಪೆಟ್ಟಿಗೆಯ ಶೈಲಿಯನ್ನು ನೋಡಿಯೇ ತೀರ್ಮಾನಿಸಬೇಕು. ಬಿಡಿಭಾಗದ ಮೇಲಿನ ದಿನಾಂಕ ಪೆಟ್ಟಿಗೆಯ ಹುಟ್ಟಿದ ದಿನಾಂಕವೂ ಅಲ್ಲ. ಪೆಟ್ಟಿಗೆ ಅದಕ್ಕಿಂತ ಹಿಂದಿನದಾಗಿರಲಾರದು ಎಂಬುದಷ್ಟನ್ನೇ ಅದು ಹೇಳಬಲ್ಲದು. ಫೆಂಡರ್ ಕಂಪೆನಿ 1966ರಲ್ಲಿ ವಾಲ್ಯೂಮ್ ಕಂಟ್ರೋಲುಗಳನ್ನು ರಾಶಿಯಾಗಿ ಕೊಂಡಿಟ್ಟುಕೊಂಡು ಮುಂದಿನ ಹಲವು ವರ್ಷ ಬಳಸಿತು. ಆದ್ದರಿಂದ 1966ರ ಅಂಕೆಯನ್ನು ಕಂಡು ಅದು 1966ರ ವಾದ್ಯವೆಂದು ಹೇಳಿದವನು ಮೋಸಹೋಗುತ್ತಾನೆ. ಹಲವು ಸಾಕ್ಷಿಗಳನ್ನು ಒಟ್ಟಿಗೆ ಇಟ್ಟು, ಅವುಗಳಲ್ಲಿ ಎಲ್ಲಕ್ಕಿಂತ ಈಚಿನದನ್ನು ಹಿಡಿಯಬೇಕು. ಹಂಪೆಯ ಗೋಡೆಯೊಂದರಲ್ಲಿ ಹಳೆಯ ಗುಡಿಯ ಕಲ್ಲು ಸೇರಿಕೊಂಡಿದ್ದರೆ ನಾವು ಗೋಡೆಯ ಕಾಲವನ್ನು ಆ ಕಲ್ಲಿನಿಂದ ಲೆಕ್ಕ ಹಾಕುವುದಿಲ್ಲವಷ್ಟೆ.

ಹುಡುಗನು ಕಳುಹಿಸಿದ ಚಿತ್ರಗಳಲ್ಲಿ ಫಲಕದ ಮೇಲೆ ಹಳೆಯ ಕಂಪೆನಿಯ ಹೆಸರೇ ಇತ್ತು. ಮಾರುವವನು ಅದನ್ನೇ ನಂಬಿ 1964 ಎಂದಿದ್ದನು. ಟ್ರಾನ್ಸ್‌ಫಾರ್ಮರಿನ ಮೇಲೆ 606, ಅದರ ಮುಂದೆ 4, ಆಮೇಲೆ 48. ಅಂದರೆ 1964ರ 48ನೆಯ ವಾರ. ಇದೂ ಮಾರುವವನ ಪರವಾಗಿಯೇ ಇತ್ತು. ಆದರೆ ಸ್ಪೀಕರಿನ ಅಂಚಿನಲ್ಲಿ 465–508 ಎಂದಿತ್ತು: ಆಕ್ಸ್‌ಫರ್ಡ್ ಕಂಪೆನಿ, 1965ರ 8ನೆಯ ವಾರ, ಎಂದರೆ ಫೆಬ್ರವರಿಯ ಕೊನೆ. ಸ್ಪೀಕರನ್ನು ಯಾರೋ ಆಮೇಲೆ ಬದಲಿಸಿರಬಹುದಲ್ಲ ಎಂದು ಕೇಳಬಹುದು. ಅದಕ್ಕೆ ಕಾಗದವೇ ಉತ್ತರ ಕೊಟ್ಟಿತು. ಮಾಸಿದ ಮುದ್ರೆಯ ಅಕ್ಷರಗಳು ‘ಓ’ ಮತ್ತು ‘ಸಿ’: 1965ರ ಮಾರ್ಚ್. ಎರಡು ಸಾಕ್ಷಿಗಳು ಒಂದನ್ನೊಂದು ಸಮರ್ಥಿಸಿದವು. ಪೆಟ್ಟಿಗೆಯು ಗೂಟದಿಂದ ಎರಡು ತಿಂಗಳಷ್ಟು ಈಚೆಗೆ ಹುಟ್ಟಿತ್ತು.

ಇದನ್ನು ನಾನು ಬರೆದು ತಿಳಿಸಿದಾಗ ಹುಡುಗನಿಗೆ ಮೊದಲು ನಿರಾಸೆಯಾಯಿತು. ನಾನು ಅವನಿಗೆ ಎರಡು ಮಾತು ಹೇಳಿದೆ. ಒಂದು, ಮಾರುವವನು ಕೇಳುತ್ತಿರುವುದು 1964ರ ಬೆಲೆ. ಸಾಕ್ಷಿ ಹೇಳುತ್ತಿರುವುದು 1965. ಆದ್ದರಿಂದ ಆ ಬೆಲೆಯನ್ನು ಕೊಡಬೇಡ. ಎರಡು, ನಿನಗೆ ಬೇಕಾದದ್ದು ನಾದವಾದರೆ, ಈ ಎರಡು ತಿಂಗಳಲ್ಲಿ ಅದು ಕಳೆದುಕೊಂಡದ್ದು ಏನೂ ಇಲ್ಲ. ಆದ್ದರಿಂದ ಕೊಳ್ಳದೆಯೂ ಬಿಡಬೇಡ. ಅವನು ಮಾರುವವನಿಗೆ ಚಿತ್ರಗಳನ್ನು ತೋರಿಸಿ ಮರ್ಯಾದೆಯಿಂದಲೇ ವಿವರಿಸಿದನು. ಆತನು ಮೋಸಗಾರನಾಗಿರಲಿಲ್ಲ, ತನಗೆ ತಿಳಿದಿರಲಿಲ್ಲವೆಂದು ಒಪ್ಪಿ ಬೆಲೆಯನ್ನು ಇಳಿಸಿದನು. ಗೆರೆಯ ಮೇಲೆ ಹಣ ಕೊಡುವವರು ಇತಿಹಾಸದ ಒಂದು ದಿನಾಂಕವನ್ನು ಕೊಳ್ಳುತ್ತಾರೆ. ಅದು ತಪ್ಪಲ್ಲ, ಸಂಗ್ರಾಹಕರಿಗೆ ಅದೂ ಬೇಕು. ಆದರೆ ತಾನು ಕೊಳ್ಳುತ್ತಿರುವುದು ದಿನಾಂಕವನ್ನೋ ದನಿಯನ್ನೋ ಎಂಬುದು ಕೊಳ್ಳುವವನಿಗೆ ಸ್ಪಷ್ಟವಾಗಿರಬೇಕು.

ಈ ವ್ಯಾಪಾರದಲ್ಲಿ ಇನ್ನೊಂದು ಧರ್ಮಸಂಕಟವಿದೆ. ಸಂಗ್ರಾಹಕರು ‘ಎಲ್ಲವೂ ಮೂಲದ್ದೇ’ ಎಂಬ ಮಾತಿಗೆ ಹೆಚ್ಚು ಹಣ ಕೊಡುತ್ತಾರೆ. ಆದರೆ ನಮ್ಮ ರೇಡಿಯೋ ರಿಪೇರಿಯವರು ಕಂಡೆನ್ಸರ್ ಎನ್ನುತ್ತಿದ್ದ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತನ್ನು ಹಿಡಿದಿಡುವ ದೊಡ್ಡವು ಕೆಲವು ದಶಕಗಳಲ್ಲಿ ಒಣಗಿ ಕೆಡುತ್ತವೆ. ಅವನ್ನು ಬದಲಿಸದಿದ್ದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ಆ ಕಾಲದ ಪೆಟ್ಟಿಗೆಗಳಿಗೆ ಭೂಸಂಪರ್ಕವಿಲ್ಲದ ಎರಡು ಕಡ್ಡಿಯ ಪ್ಲಗ್ ಇರುತ್ತಿತ್ತು. ಅದರೊಡನೆ ವಿದ್ಯುತ್ ತಂತಿಗೂ ಲೋಹದ ಚೌಕಟ್ಟಿಗೂ ನಡುವೆ ಒಂದು ಕೆಪ್ಯಾಸಿಟರು. ಅದು ಕೆಟ್ಟರೆ ಗಿಟಾರಿನ ತಂತಿ ಮುಟ್ಟಿದವನ ಜೀವಕ್ಕೇ ಅಪಾಯ. ರಿಪೇರಿಯವರು ಅದಕ್ಕೆ ಇಟ್ಟಿರುವ ಅಡ್ಡಹೆಸರಿನಲ್ಲಿಯೇ ಸಾವು ಎಂಬ ಪದವಿದೆ. ಮೂರು ಕಡ್ಡಿಯ ಪ್ಲಗ್ ಹಾಕಿಸಿ ಅದನ್ನು ತೆಗೆಸುವುದೇ ವಿವೇಕ. ಬಲ್ಲವರು ಕಂಡುಕೊಂಡ ದಾರಿಯೆಂದರೆ, ತೆಗೆದ ಭಾಗಗಳನ್ನು ಎಸೆಯದೆ ಒಂದು ಚೀಲದಲ್ಲಿ ಹಾಕಿ ಪೆಟ್ಟಿಗೆಯೊಡನೆಯೇ ಮುಂದಿನವನಿಗೆ ಕೊಡುವುದು. ಓಲೆಗರಿಯ ಕಟ್ಟಿಗೆ ಹೊಸ ದಾರ ಹಾಕಿದರೆ ಗ್ರಂಥ ನಕಲಿಯಾಗುವುದಿಲ್ಲ. ದಾರ ಹೊಸದೆಂದು ಹೇಳದೆ ಮಾರಿದರೆ ಮಾತ್ರ ತಪ್ಪು.

ಕೊನೆಯದಾಗಿ ವಾಲ್ವುಗಳ ಮಾತು. ಪೆಟ್ಟಿಗೆ ಎಷ್ಟೇ ಹಳೆಯದಿರಲಿ, ವಾಲ್ವು ಬಲ್ಬಿನಂತೆ ಸವೆಯುವ ವಸ್ತು. ಪಶ್ಚಿಮದ ಕಾರ್ಖಾನೆಗಳು 1970 ಮತ್ತು 80ರ ದಶಕಗಳಲ್ಲಿ ಒಂದೊಂದಾಗಿ ಅದರ ತಯಾರಿಕೆಯನ್ನು ನಿಲ್ಲಿಸಿದವು. ಪೂರ್ವದಲ್ಲಿ ಅದು ಉಳಿದುಕೊಂಡದ್ದಕ್ಕೆ ಸೈನ್ಯವೂ ಒಂದು ಕಾರಣ. 1976ರ ಸೆಪ್ಟೆಂಬರಿನಲ್ಲಿ ಸೋವಿಯತ್ ವೈಮಾನಿಕನೊಬ್ಬನು ಮಿಗ್ 25 ವಿಮಾನವನ್ನು ಜಪಾನಿನ ಹಾಕೊದಾತೆಯಲ್ಲಿ ಇಳಿಸಿ ಶರಣಾದಾಗ, ಅದರ ರೇಡಾರಿನಲ್ಲಿ ವಾಲ್ವುಗಳಿರುವುದನ್ನು ಕಂಡು ಅಮೆರಿಕದ ತಜ್ಞರು ಬೆರಗಾದರು. ಇಂದು ಗಿಟಾರ್ ಪೆಟ್ಟಿಗೆಗಳ ವಾಲ್ವುಗಳು ಮುಖ್ಯವಾಗಿ ಬರುವುದು ರಷ್ಯಾದ ಸರಾಟೊವ್, ಸ್ಲೊವಾಕಿಯಾ ಮತ್ತು ಚೀನಾಗಳಿಂದ. 2022ರ ಮಾರ್ಚಿನಲ್ಲಿ ಉಕ್ರೇನ್ ಯುದ್ಧದ ನಡುವೆ ರಷ್ಯಾ ಹಲವು ಸರಕುಗಳ ರಫ್ತನ್ನು ತಡೆದಾಗ ಜಗತ್ತಿನ ಗಿಟಾರ್ ವಾದಕರು ಕೆಲಕಾಲ ಕಂಗಾಲಾದರು.

ಈ ಪಟ್ಟಿಯಲ್ಲಿ ಒಮ್ಮೆ ನಮ್ಮ ಬೆಂಗಳೂರಿನ ಹೆಸರೂ ಇತ್ತು. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿ.ಇ.ಎಲ್., 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ದೇಶದ ರೇಡಿಯೋಗಳಿಗೆಂದು ಮಾಡಿದ ಆ ವಾಲ್ವುಗಳಲ್ಲಿ, ಎ.ಸಿ. 30 ಪೆಟ್ಟಿಗೆಯ ಪ್ರಾಣವಾದ ಇ.ಎಲ್. 84 ಕೂಡ ಒಂದು. ಬಳಸದೆ ಉಳಿದ ಬಿ.ಇ.ಎಲ್. ಮುದ್ರೆಯ ಆ ವಾಲ್ವುಗಳನ್ನು ಇಂದಿಗೂ ವಿದೇಶಗಳಲ್ಲಿ ಗಿಟಾರ್ ವಾದಕರು ಹುಡುಕಿ ಕೊಳ್ಳುತ್ತಾರೆ. ಜಾಲಹಳ್ಳಿಯಲ್ಲಿ ಅವನ್ನು ಜೋಡಿಸಿದವರ ಹೆಸರನ್ನು ಯಾವ ಅಂಟುಪಟ್ಟಿಯೂ ಹೇಳುವುದಿಲ್ಲ. ಓದುಗರ ಬಂಧುಬಳಗದಲ್ಲಿ ಅಂತಹ ಹಿರಿಯರಿದ್ದರೆ ಅವರ ನೆನಪುಗಳನ್ನು ಬರೆಸಿಡಿ ಎಂದು ಕೋರುತ್ತೇನೆ.

ಇಂತಹ ಪೆಟ್ಟಿಗೆಯನ್ನು ಊರಿಗೆ ತರಬಯಸುವವರಿಗೆ ಒಂದು ಎಚ್ಚರಿಕೆ: ಅಮೆರಿಕದ್ದು 120 ವೋಲ್ಟಿನ ವ್ಯವಸ್ಥೆ, ನಮ್ಮದು 230. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರಿಲ್ಲದೆ ಚುಚ್ಚಿದರೆ ಉಳಿಯುವುದು ಹೊಗೆ ಮಾತ್ರ. ಅಟ್ಟದ ಮೇಲಿರುವ ಅಜ್ಜನ ವಾಲ್ವ್ ರೇಡಿಯೋವನ್ನೂ, ಬಲ್ಲ ರಿಪೇರಿಯವರಿಗೆ ತೋರಿಸದೆ ಪ್ಲಗ್ಗಿಗೆ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೆಯೂ ಒಳಗಿನ ಕಂಡೆನ್ಸರುಗಳಲ್ಲಿ ನೂರಾರು ವೋಲ್ಟು ನಿಂತಿರುತ್ತದೆ; ಬೆರಳು ಹಾಕಬಾರದು. ಮತ್ತು ಏನನ್ನೇ ಬದಲಿಸಿದರೂ, ಯಾವ ಭಾಗ, ಯಾವ ದಿನ, ಯಾರ ಕೈಯಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಟ್ಟುಬಿಡಿ. ಮುಂದೊಂದು ದಿನ ಅದನ್ನು ಬಿಚ್ಚುವವನಿಗೆ ಅದರಿಂದ ಉಪಕಾರವಾದೀತು.